ಬಗ್ಗಬೇಡಿ ಅಂದರೆ ಗದ್ದೆ ನೆಡುವವರು ಯಾರು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಬೆನ್ನು ನೋವಿನ ಲೇಖನ ಬಂದಾಗಲೆಲ್ಲ ನಾನು ತಪ್ಪದೆ ಓದುತ್ತೇನೆ. ಓದದೆ ಬೇರೆ ದಾರಿಯೂ ಇಲ್ಲ. ಯಾಕೆಂದರೆ ಆ ಪುಟವನ್ನು ಕತ್ತರಿಸಿ, ಮಡಚಿ, ಜೇಬಲ್ಲಿಟ್ಟುಕೊಂಡು ಯಾರಾದರೂ ನನ್ನ ಹತ್ತಿರ ಬಂದೇ ಬರುತ್ತಾರೆ. ನಾನು ಸಾಗರದ ಕಡೆಯ ಫಿಸಿಯೋಥೆರಪಿಸ್ಟ್. ಈ ಲೇಖನಗಳ ಮೇಲೆ ನನಗೆ ಎರಡು ತಕರಾರಿವೆ. ಮೊದಲನೆಯದು, ಅವು ಹೆದರಿಸುತ್ತವೆ. ಬಗ್ಗಬೇಡಿ, ಭಾರ ಎತ್ತಬೇಡಿ, ನೆಲದ ಮೇಲೆ ಕೂರಬೇಡಿ, ಡಿಸ್ಕ್ ಜಾರೀತು, ನರ ಒತ್ತೀತು, ಹೀಗೆ. ಎರಡನೆಯದು, ಅವುಗಳಲ್ಲಿ ಬರುವ ಬೆನ್ನು ಯಾವಾಗ ನೋಡಿದರೂ ಆಫೀಸಿನ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಬೆನ್ನು.

ನನ್ನ ಹತ್ತಿರ ಬರುವವರಲ್ಲಿ ಅಂಥವರು ಕಡಿಮೆ. ಮಳೆಗಾಲದಲ್ಲಿ ನಾಟಿಗೆ ಹೋಗುವ ಹೆಂಗಸರು ಬರುತ್ತಾರೆ. ದೀಪಾವಳಿ ಕಳೆದ ಮೇಲೆ ಅಡಿಕೆ ಸುಲಿಯುವವರು ಬರುತ್ತಾರೆ, ಮೆಟ್ಟುಗತ್ತಿ ಮುಂದೆ ರಾತ್ರಿ ಎಷ್ಟೋ ಹೊತ್ತಿನವರೆಗೆ ಕೂತು, ಸುಲಿದಷ್ಟಕ್ಕೆ ಕೂಲಿ ತೆಗೆದುಕೊಳ್ಳುವವರು. ಸೊಪ್ಪಿನ ಹೊರೆ ಹೊರುವವರು, ಮಂಡಿಯ ಹಮಾಲರು, ಬಸ್ ಡ್ರೈವರುಗಳು, ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವವರು, ಬೆಂಗಳೂರಿನ ಗಾರ್ಮೆಂಟ್ಸ್ ಬಿಟ್ಟು ಊರಿಗೆ ಬಂದವರು, ಎಲ್ಲರೂ ಇದ್ದಾರೆ. ಒಬ್ಬ ಅಮ್ಮ ನಿಮ್ಮಂಥದ್ದೇ ಯಾವುದೋ ಪತ್ರಿಕೆಯ ಲೇಖನ ತೋರಿಸಿ, 'ಮೇಡಂ, ಇದ್ರಲ್ಲಿ ಬಗ್ಗಬೇಡಿ ಅಂತ ಬರೆದಿದೆ, ನಮ್ಮ ಗದ್ದೆ ನಾಟಿಗೆ ಇದನ್ನ ಬರೆದವರು ಬರ್ತಾರಾ?' ಅಂತ ಕೇಳಿದರು. ನನಗೆ ನಗು ಬಂತು. ಆದರೆ ಅವರು ನಗುತ್ತಿರಲಿಲ್ಲ.

ಮೊದಲು ಹೆದರಿಕೆಯ ವಿಷಯ. ಬೆನ್ನು ನೋವು ಎಷ್ಟು ಸಾಮಾನ್ಯ ಅಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಪ್ರಪಂಚದಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟದ ಭಾಗದ ಬೆನ್ನು ನೋವಿತ್ತು. 2050ರ ಹೊತ್ತಿಗೆ ಅದು 84.3 ಕೋಟಿ ಆಗಬಹುದಂತೆ. ಇವರಲ್ಲಿ 100ಕ್ಕೆ ಸುಮಾರು 90 ಜನರಿಗೆ 'ಇದೇ ಮೂಳೆ, ಇದೇ ಡಿಸ್ಕ್, ಇದೇ ಕಾರಣ' ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಹಾಗಂತ ನೋವು ಸುಳ್ಳಲ್ಲ. ಬೆನ್ನಿನಲ್ಲಿ ಸ್ನಾಯು, ಕೀಲು, ಅವುಗಳನ್ನು ಹಿಡಿದಿರುವ ನಾರು, ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್, ನರ ಎಲ್ಲ ಒತ್ತೊತ್ತಾಗಿ ಇರುತ್ತವೆ. ಎಲ್ಲಿ ಏನು ಮುನಿಸಿಕೊಂಡಿತು ಅಂತ ಪಕ್ಕಾ ಹೇಳಲು ಆಗುವುದಿಲ್ಲ, ಅಷ್ಟೇ. ಸಮಾಧಾನದ ವಿಷಯ ಏನೆಂದರೆ, ಹೊಸದಾಗಿ ಹಿಡಿದ ಸೊಂಟ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ತಾನಾಗಿ ಬಿಡುತ್ತದೆ. ಮತ್ತೆ ಯಾವಾಗಲಾದರೂ ಬರುವ ಸಾಧ್ಯತೆ ಜಾಸ್ತಿ, ಅದನ್ನೂ ಮುಚ್ಚಿಡಬಾರದು. ಆದರೆ ಮತ್ತೆ ಬಂತು ಅಂದ ಮಾತ್ರಕ್ಕೆ ಬೆನ್ನು ಹಾಳಾಗುತ್ತಾ ಹೋಗುತ್ತಿದೆ ಅಂತ ಅರ್ಥ ಅಲ್ಲ.

ಈಗ ಎಂಆರ್‌ಐ. ನಮ್ಮ ಕಡೆ ಜನ ದೊಡ್ಡ ಕವರ್ ಹಿಡಿದುಕೊಂಡೇ ಬಾಗಿಲಿಗೆ ಬರುತ್ತಾರೆ. ಎಲ್ಲಿ ನೋಯುತ್ತದೆ ಅಂತ ಕೇಳುವ ಮೊದಲೇ ಕವರ್ ಟೇಬಲ್ ಮೇಲಿರುತ್ತದೆ. ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ, ಕೂಲಿ ದುಡ್ಡು ಸಾವಿರಗಟ್ಟಲೆ ಸುರಿದು ಮಾಡಿಸಿಕೊಂಡು ಬಂದಿರುತ್ತಾರೆ. ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್, ಡೀಜನರೇಶನ್ ಅಂತ ಇರುತ್ತದೆ, ಅಂದರೆ ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿದೆ, ಸವೆದಿದೆ ಅಂತ. ಅದನ್ನು ಮನೆಯ ಓದಿದ ಹುಡುಗ ಮೊಬೈಲಿನಲ್ಲಿ ಹುಡುಕಿ, 'ಅಪ್ಪ, ನಿಂಗೆ ಬೆನ್ನುಮೂಳೆ ಸವೆದು ಹೋಗಿದ್ಯಂತೆ' ಅಂದುಬಿಟ್ಟಿರುತ್ತಾನೆ. ಅಲ್ಲಿಗೆ ಆ ಮನುಷ್ಯ ಮಂಚ ಹತ್ತಿದ ಹಾಗೆಯೇ.

2015ರಲ್ಲಿ ಬೆನ್ನು ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಲೆಕ್ಕವನ್ನು ಬೇರೆ ಬೇರೆ ಅಧ್ಯಯನಗಳಿಂದ ಒಟ್ಟು ಮಾಡಿ ನೋಡಿದರು. ಗಮನಿಸಿ, ಇವರಿಗೆ ನೋವೇ ಇಲ್ಲ. 20 ವರ್ಷದವರಲ್ಲೇ 100ಕ್ಕೆ 37 ಜನರ ಡಿಸ್ಕ್ ಸವೆದಿತ್ತು, 30 ಜನರ ಡಿಸ್ಕ್ ಉಬ್ಬಿತ್ತು. 50ರ ವಯಸ್ಸಿಗೆ ಸವೆತ 80 ಜನರಲ್ಲಿ, ಉಬ್ಬು 60 ಜನರಲ್ಲಿ. 80 ವರ್ಷಕ್ಕೆ ಬಂದರೆ 96 ಮತ್ತು 84. ಅಂದರೆ 50 ದಾಟಿದ, ಆರಾಮಾಗಿ ಓಡಾಡಿಕೊಂಡಿರುವ ಯಾರನ್ನು ಹಿಡಿದು ಸ್ಕ್ಯಾನ್ ಮಾಡಿದರೂ ಇದೇ ರಿಪೋರ್ಟ್ ಬರುವ ಸಂಭವ ಜಾಸ್ತಿ. ನನ್ನನ್ನು ಹಾಕಿದರೆ ನನಗೂ ಬರುತ್ತದೆ, ಬಹುಶಃ ನಿಮಗೂ. ರಿಪೋರ್ಟ್ ಸುಳ್ಳು ಹೇಳುವುದಿಲ್ಲ, ಆದರೆ ಅದರಲ್ಲಿ ಇರುವುದೆಲ್ಲ ರೋಗ ಅಲ್ಲ. ಈ ಒಂದು ಲೆಕ್ಕವನ್ನು ರಿಪೋರ್ಟಿನ ಕೆಳಗೆ ಎರಡು ಸಾಲಿನಲ್ಲಿ ಅಚ್ಚು ಹಾಕಿ ಕೊಟ್ಟರೆ ಎಷ್ಟೋ ಮನೆಗಳಲ್ಲಿ ಗಂಡಸರು ಹೆಂಗಸರು ಮತ್ತೆ ತೋಟಕ್ಕೆ ಇಳಿಯುತ್ತಾರೆ ಅಂತ ನನಗೆ ಅನ್ನಿಸುತ್ತದೆ.

ಡಿಸ್ಕ್ ಬಗ್ಗೆಯೂ ಸ್ವಲ್ಪ ಹೇಳಬೇಕು. ಸೊಂಟದಲ್ಲಿ ಐದು ಮೂಳೆಗಳಿವೆ, ಅವುಗಳ ನಡುವೆ ಡಿಸ್ಕ್ ಇದೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಮೆತ್ತಗಿನ ಅಂಟು. ಅದು ಮೇಲಿನ, ಕೆಳಗಿನ ಮೂಳೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಹಾಗಾಗಿ ಬಗ್ಗಿ ಚೊಂಬು ಎತ್ತಿದ ಕೂಡಲೇ ಜಾಗ ಬಿಟ್ಟು ಹೊರಗೆ ಬಂದುಬಿಡುತ್ತದೆ, ಯಾರೋ ಒತ್ತಿ ಒಳಗೆ ಕೂರಿಸುತ್ತಾರೆ ಅನ್ನುವ ಮಾತೇ ತಪ್ಪು. ಆಗುವುದು ಏನೆಂದರೆ, ಕೆಲವರಲ್ಲಿ ಆ ನಾರಿನ ಸುತ್ತು ಹರಿದು, ಒಳಗಿನದು ಹೊರಗೆ ಚಾಚಿಕೊಂಡು ನರಕ್ಕೆ ತಾಗುತ್ತದೆ. ಆಗ ಬೆನ್ನಿಗಿಂತ ಕಾಲು ಜಾಸ್ತಿ ನೋಯುತ್ತದೆ, ಕುಂಡೆಯಿಂದ ಪಾದದವರೆಗೆ ಎಳೆಯುತ್ತದೆ, ಜುಮು ಜುಮು ಅನ್ನುತ್ತದೆ. ಇದೇ ಸಯಾಟಿಕಾ. ಅನುಭವಿಸಿದವರಿಗೇ ಗೊತ್ತು ಆ ಹಿಂಸೆ, ನಾನು ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ಹೀಗೆ ಹೊರಬಂದ ತುಣುಕನ್ನು ಹೆಚ್ಚಿನವರಲ್ಲಿ ದೇಹವೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ, ಎಷ್ಟೋ ಸಲ ದೊಡ್ಡ ತುಣುಕೇ ಬೇಗ ಕರಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಜೋರು ಸಯಾಟಿಕಾ ಇದ್ದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಆಪರೇಶನ್, ಇನ್ನೊಂದು ಗುಂಪಿಗೆ ಕಾದು ನೋಡುವುದು ಅಂತ ಮಾಡಿದರು. ಅದರ ಫಲಿತಾಂಶ 2007ರಲ್ಲಿ ಬಂತು. ಆಪರೇಶನ್ ಆದವರಿಗೆ ಕಾಲು ನೋವು ಬೇಗ ಇಳಿಯಿತು, ಅದು ನಿಜ. ಆದರೆ ಒಂದು ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪಿನವರು ಹೆಚ್ಚು ಕಡಿಮೆ ಒಂದೇ ಕಡೆ ಇದ್ದರು. ಹಾಗಾಗಿ ಆಪರೇಶನ್ ಅಂದರೆ ಓಡಿಹೋಗುವುದೂ ಬೇಡ, ಮೊದಲ ವಾರಕ್ಕೇ ತೋಟ ಅಡ ಇಡುವುದೂ ಬೇಡ. ಕಾಲಿನ ಬಲ ಕಡಿಮೆಯಾಗುತ್ತಾ ಹೋದರೆ ಮಾತ್ರ ಲೆಕ್ಕವೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಬೆಡ್ ರೆಸ್ಟ್ ಅನ್ನುವುದು ಇನ್ನೊಂದು. ಇದನ್ನು ಯಾರು ನಮ್ಮ ತಲೆಗೆ ಹಾಕಿದರೋ! ಸೊಂಟ ಹಿಡಿದ ಮೊದಲ ದಿನ ಅಲ್ಲಾಡಲು ಆಗದಿದ್ದರೆ ಮಲಗಿ, ಯಾರು ಬೇಡ ಅಂದರು. ಆದರೆ ವಾರಗಟ್ಟಲೆ ಮಲಗಿದರೆ ಸ್ನಾಯು ಸೊರಗುತ್ತದೆ, ನೋವು ಕೂಡ ಜೊತೆಗೇ ಮಲಗಿರುತ್ತದೆ. 1986ರಲ್ಲೇ ಅಮೆರಿಕದಲ್ಲಿ, ಎರಡು ದಿನ ಮಲಗುವುದಕ್ಕಿಂತ ಏಳು ದಿನ ಮಲಗುವುದರಿಂದ ಏನೂ ಜಾಸ್ತಿ ಲಾಭ ಇಲ್ಲ ಅಂತ ನೋಡಿದ್ದರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕೆಲವರಿಗೆ ಎರಡು ದಿನ ಮಲಗಿ ಅಂದರು, ಕೆಲವರಿಗೆ ವ್ಯಾಯಾಮ ಹೇಳಿಕೊಟ್ಟರು, ಉಳಿದವರಿಗೆ ನೋವು ಬಿಟ್ಟಷ್ಟು ದಿನದ ಕೆಲಸ ಮಾಡಿಕೊಂಡಿರಿ ಅಂದರು. ಬೇಗ ಗುಣವಾದವರು ಮೂರನೇ ಗುಂಪಿನವರು. ಮೂವತ್ತು ವರ್ಷದ ಹಿಂದಿನ ಮಾತು ಇದು. ನಮ್ಮಲ್ಲಿ ಇನ್ನೂ 'ಮೂರು ವಾರ ಕಂಪ್ಲೀಟ್ ರೆಸ್ಟ್' ಅಂತ ಬರೆದ ಚೀಟಿ ಬರುತ್ತದೆ.

ಜೊತೆಗೆ ಹಲಗೆ. ಹಾಸಿಗೆ ತೆಗೆದು ಹಲಗೆ ಮೇಲೆ ಮಲಗಿ, ಇಲ್ಲಾ ಬರೀ ಚಾಪೆ ಹಾಸಿ ನೆಲದ ಮೇಲೆ ಮಲಗಿ ಅನ್ನುವುದನ್ನು ಕೇಳದ ಮನೆ ಇಲ್ಲ. ಮಲೆನಾಡಿನ ಜುಲೈ ತಿಂಗಳ ನೆಲ ಹೇಗಿರುತ್ತದೆ ಅಂತ ಹೇಳುವವರಿಗೆ ಗೊತ್ತಿರುವುದಿಲ್ಲ! ಸ್ಪೇನಿನಲ್ಲಿ 313 ಜನರ ಮೇಲೆ ಇದನ್ನೂ ಪರೀಕ್ಷೆ ಮಾಡಿದ್ದಾರೆ, 2003ರಲ್ಲಿ. ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೇ ನೋವು ಕಡಿಮೆಯಾಯಿತು. ನಿಮಗೆ ಚಾಪೆಯೇ ಹಿತ ಅಂದರೆ ಚಾಪೆಯಲ್ಲೇ ಮಲಗಿ. ಹಿತ ಇಲ್ಲದಿದ್ದರೆ ಬೆನ್ನಿನ ಹೆಸರಿನಲ್ಲಿ ಹಲಗೆ ಶಿಕ್ಷೆ ಬೇಡ.

ಇನ್ನು ನಮ್ಮ ಕಸುಬಿನ ಕಡೆ ಬರುತ್ತೇನೆ, ಬರೀ ಬೇರೆಯವರನ್ನು ಬೈದರೆ ನ್ಯಾಯ ಅಲ್ಲ. ಫಿಸಿಯೋಥೆರಪಿ ಅಂದರೆ ನಮ್ಮ ಜನಕ್ಕೆ ಕರೆಂಟ್ ಕೊಡುವುದು. 'ಕರೆಂಟ್ ಇಡ್ಸಿಕೊಂಡು ಬಂದೆ' ಅಂತಲೇ ಹೇಳುತ್ತಾರೆ. ಬೆಳಗ್ಗೆ ಬಂದು ಮಲಗುತ್ತಾರೆ, ಯಂತ್ರ ಹಚ್ಚುತ್ತೇವೆ, ಸ್ವಲ್ಪ ಹೊತ್ತು ಹಿತವಾಗುತ್ತದೆ, ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಬೆನ್ನು ನೋವಿಗೆ, ಅಂದರೆ ಮೂರು ತಿಂಗಳು ದಾಟಿದ ನೋವಿಗೆ, ಒಂದು ಮಾರ್ಗಸೂಚಿ ಹೊರಡಿಸಿತು. ಸೊಂಟದ ಬೆಲ್ಟ್, ಟ್ರ್ಯಾಕ್ಷನ್ ಅಂತ ತೂಕ ಕಟ್ಟಿ ಎಳೆಯುವುದು, ಅಲ್ಟ್ರಾಸೌಂಡ್ ಶಾಖ, ನರಕ್ಕೆ ಕೊಡುವ ಕರೆಂಟ್, ಅಫೀಮಿನ ಜಾತಿಯ ನೋವಿನ ಮಾತ್ರೆ, ಇವನ್ನೆಲ್ಲ ಮಾಮೂಲಿಯಾಗಿ ಕೊಡಬೇಡಿ ಅಂತ ಅದರಲ್ಲಿ ಹೇಳಿದೆ. ಬೇಕು ಅಂದಿದ್ದು ಯಾವುದು? ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ ಕೊಡುವುದು, ವ್ಯಾಯಾಮ, ಕೈಯಿಂದ ಮಾಡುವ ಕೆಲವು ಚಿಕಿತ್ಸೆ, ಹೆದರಿಕೆ ಚಿಂತೆ ಕಡಿಮೆ ಮಾಡುವ ಮಾತುಕತೆ, ಬೇಕಾದಾಗ ಊತ ಇಳಿಸುವ ನೋವಿನ ಮಾತ್ರೆ. ಬೆಲ್ಟ್ ಹಾಕಿಕೊಂಡರೆ ಧೈರ್ಯ ಬರುತ್ತದೆ ಅನ್ನುವವರಿದ್ದಾರೆ, ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವ ದಿನ ಹಾಕಿಕೊಳ್ಳಲಿ. ವರ್ಷಗಟ್ಟಲೆ ಸ್ನಾನಕ್ಕೆ ಮಾತ್ರ ಬಿಚ್ಚುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಮಾತ್ರೆ ಬಗ್ಗೆ ಎರಡೇ ಮಾತು. 2014ರಲ್ಲಿ ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಜಾಸ್ತಿ ಜನರ ಮೇಲೆ ನೋಡಿದ ಪ್ರಕಾರ, ಹೊಸ ಬೆನ್ನು ನೋವಿಗೆ ಪ್ಯಾರಸಿಟಮಾಲ್ ನುಂಗಿದವರು 17 ದಿನಕ್ಕೆ ಗುಣವಾದರೆ, ಔಷಧಿ ಇಲ್ಲದ ಸುಳ್ಳು ಮಾತ್ರೆ ನುಂಗಿದವರು 16 ದಿನಕ್ಕೆ. ಮೆಡಿಕಲ್ ಶಾಪಿನಲ್ಲಿ 'ಸೊಂಟ ನೋವಿಗೆ ಏನಾದ್ರೂ ಕೊಡಿ' ಅಂತ ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಬಿಪಿ, ಶುಗರ್ ಇರುವವರು ಇನ್ನೂ ಹುಷಾರಾಗಿರಬೇಕು.

ನಾಟಿ ಮದ್ದಿನ ಬಗ್ಗೆ ಕೇಳಿದರೆ ನಾನು ನಗುವವಳಲ್ಲ. ಹಂಡೆಯ ಬಿಸಿ ನೀರು ಸೊಂಟಕ್ಕೆ ಹೊಯ್ದುಕೊಳ್ಳಿ, ಎಣ್ಣೆ ತಿಕ್ಕಿಸಿಕೊಳ್ಳಿ, ಶಾಖ ನಿಜವಾಗಲೂ ನೋವು ಕಡಿಮೆ ಮಾಡುತ್ತದೆ. ಉಳುಕು ಆದರೆ ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಸೊಂಟಕ್ಕೆ ಒದೆಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಮೆಲ್ಲಗೆ ಪಾದ ತಾಗಿಸಿದರೆ ತೊಂದರೆ ಇಲ್ಲ, ಹೇಗಿದ್ದರೂ ಬಿಡುವ ಹಿಡಿತ ಬಿಡುತ್ತದೆ, ಹೆಸರು ಒದ್ದವರಿಗೆ ಬರುತ್ತದೆ! ಆದರೆ ಮುಟ್ಟು ನಿಂತ ಹೆಂಗಸರ, ವಯಸ್ಸಾದವರ ಮೂಳೆ ಟೊಳ್ಳಾಗಿರಬಹುದು. ಅವರನ್ನು ಬೋರಲು ಮಲಗಿಸಿ ಮೇಲೆ ಹತ್ತಿ ತುಳಿಯುವುದು, ಲಟಕ್ ಅನ್ನಿಸಿ ತಿರುಗಿಸುವುದು ಮಾತ್ರ ದಯವಿಟ್ಟು ಬೇಡ.

ಹೆಂಗಸರಿಂದ ನಾನು ಅತಿ ಹೆಚ್ಚು ಕೇಳುವ ಮಾತು ಇನ್ನೊಂದಿದೆ, ಅದನ್ನು ನಿಮ್ಮ ಯಾವ ಲೇಖನದಲ್ಲೂ ಕಂಡಿಲ್ಲ. 'ಸಿಸೇರಿಯನ್ ಮಾಡುವಾಗ ಬೆನ್ನಿಗೆ ಇಂಜೆಕ್ಷನ್ ಕೊಟ್ರಲ್ಲ, ಅವತ್ತಿಂದ ಶುರು.' ಮಗನಿಗೆ ಮದುವೆ ವಯಸ್ಸು ಬಂದಿರುತ್ತದೆ, ಬೆನ್ನು ನೋವಿಗೆ ಇನ್ನೂ ಅದೇ ಇಂಜೆಕ್ಷನ್ ಮೇಲೆ ದೂರು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಆದರೆ ಆ ಇಂಜೆಕ್ಷನ್ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಮುಂದೆ ಉಳಿಯುವ ಬೆನ್ನು ನೋವಿನಲ್ಲಿ ವ್ಯತ್ಯಾಸ ಇಲ್ಲ ಅಂತ ಅಧ್ಯಯನಗಳು ತೋರಿಸಿವೆ. ಬಸುರಿಯಲ್ಲಿ ಹೊಟ್ಟೆಯ ಸ್ನಾಯು ಹಿಗ್ಗಿರುತ್ತದೆ, ಬಾಣಂತನದಲ್ಲಿ ತಿಂಗಳುಗಟ್ಟಲೆ ಮಲಗಿಸಿರುತ್ತಾರೆ, ಎದ್ದ ಕೂಡಲೇ ಮಗು ಎತ್ತುವುದು, ಕೊಡ ಹೊರುವುದು, ಕೊಟ್ಟಿಗೆ ಬಾಚುವುದು ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ, ಮೇಲಿಂದ ರಾತ್ರಿ ನಿದ್ದೆ ಇಲ್ಲ. ಇದಕ್ಕಿಂತ ಕಾರಣ ಬೇಕಾ? ಇಂಜೆಕ್ಷನ್ ಅನ್ನು ಬೈದರೆ ಯಾರಿಗೂ ಬೇಜಾರಿಲ್ಲ. ಕೊಟ್ಟಿಗೆ ಕೆಲಸ ಇನ್ನು ಮೂರು ತಿಂಗಳು ಬೇರೆಯವರು ಮಾಡಲಿ ಅಂದರೆ ಮನೆಯಲ್ಲಿ ಬೇಜಾರಾಗುತ್ತದೆ.

ನಿದ್ದೆ ಅಂದೆನಲ್ಲ, ಚಿಂತೆಯೂ ಹಾಗೆಯೇ. ಸಾಲ, ಮಗಳ ಮದುವೆ, ಅಡಿಕೆಗೆ ಬಂದ ರೋಗ, ಇವೆಲ್ಲ ಬೆನ್ನಿನ ನೋವನ್ನು ಜಾಸ್ತಿ ಮಾಡುತ್ತವೆ. ಇದನ್ನು ಹೇಳಿದರೆ 'ಹಾಗಾದ್ರೆ ನಂಗೆ ಮಾನಸಿಕ ಅಂತೀರಾ' ಅಂತ ಎದ್ದೇಳುತ್ತಾರೆ. ಅಲ್ಲ. ನೋವಿನ ಸುದ್ದಿಯನ್ನು ದೊಡ್ಡದು ಮಾಡುವುದೂ ಸಣ್ಣದು ಮಾಡುವುದೂ ಮಿದುಳಿನ ಕೈಯಲ್ಲಿದೆ, ನಿದ್ದೆಗೆಟ್ಟು ಹೆದರಿದ ಮಿದುಳು ಎಲ್ಲವನ್ನೂ ದೊಡ್ಡದು ಮಾಡುತ್ತದೆ, ಅಷ್ಟೇ.

ಹಾಗಾದರೆ ಮಾಡಬೇಕಾದದ್ದು ಏನು ಅಂತ ನೀವು ಕೇಳಬಹುದು. ಚಲನೆ, ಬೇರೇನೂ ಇಲ್ಲ. 2024ರಲ್ಲಿ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಬೆನ್ನು ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರನ್ನು ತೆಗೆದುಕೊಂಡು, ಅರ್ಧ ಜನರಿಗೆ ನಡೆಯುವುದನ್ನು ಹಂತ ಹಂತವಾಗಿ ಹೇಳಿಕೊಟ್ಟರು. ವಾರಕ್ಕೆ ಐದು ದಿನ, ಅರ್ಧ ಗಂಟೆಯವರೆಗೆ ನಿಧಾನಕ್ಕೆ ಏರಿಸುವುದು, ನಡುನಡುವೆ ಫಿಸಿಯೋಥೆರಪಿಸ್ಟ್ ಮಾತಾಡಿಸುವುದು. ನಡೆದವರಿಗೆ ನೋವು ಮತ್ತೆ ಬರಲು ಸರಾಸರಿ 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ದುಡ್ಡಿಲ್ಲದ ಔಷಧಿ. ಅಂಗಡಿಯವರಿಗೆ, ಸಾಗರ ಪೇಟೆಯ ಮೇಷ್ಟ್ರುಗಳಿಗೆ ನಾನು ಇದನ್ನೇ ಹೇಳುತ್ತೇನೆ. ನಮ್ಮ ಕೂಲಿಯ ಹೆಂಗಸರಿಗೆ ಹೇಳಿದರೆ, 'ನಾವು ನಡೆಯದ ದಿನ ಯಾವುದು ಮೇಡಂ' ಅನ್ನುತ್ತಾರೆ, ಸರಿಯೇ. ಅವರ ತೊಂದರೆ ಕೆಲಸ ಕಡಿಮೆ ಆಗಿ ಬಂದದ್ದಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದರಿಂದ ಬಂದದ್ದು. ಬಗ್ಗುವುದು ತಪ್ಪಲ್ಲ, ಬೆನ್ನು ಇರುವುದೇ ಬಗ್ಗುವುದಕ್ಕೆ. ಬಗ್ಗಿದವರು ಗಂಟೆಗಟ್ಟಲೆ ಏಳದೇ ಇರುವುದೇ ತೊಂದರೆ. ನಾಟಿಯಲ್ಲಿ ಒಂದು ಸಾಲು ಮುಗಿದಾಗ ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗಿ, ನಾಲ್ಕು ಸಲ ಉಸಿರು ಬಿಟ್ಟು ಮತ್ತೆ ಇಳಿಯಿರಿ. ನೆಡುವವರು, ಸಸಿ ಕೀಳುವವರು, ಸಸಿ ಕಟ್ಟು ಹೊರುವವರು ಮಧ್ಯಾಹ್ನದ ಮೇಲೆ ಕೆಲಸ ಬದಲಾಯಿಸಿಕೊಳ್ಳಿ. ಅಡಿಕೆ ಸುಲಿಯುವವರು ಕೂರುವ ಮಣೆಯ ಎತ್ತರ ಸ್ವಲ್ಪ ಏರಿಸಿದರೂ ಸೊಂಟದ ಮೇಲಿನ ಎಳೆತ ಕಡಿಮೆಯಾಗುತ್ತದೆ, ಬುಟ್ಟಿಯನ್ನು ಪಕ್ಕಕ್ಕೆ ತಿರುಗಿ ತಿರುಗಿ ತೆಗೆಯುವ ಬದಲು ಮುಂದೆ ಇಟ್ಟುಕೊಳ್ಳಬಹುದು. ನೋವು ಇಳಿದ ಮೇಲೆ ಕುಂಡೆ, ತೊಡೆ, ಬೆನ್ನಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಶುರು ಮಾಡಿ. ಯಾವುದು ಮಾಡಬೇಕು ಅಂತ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಯೋಗವೋ, ಈಜೋ, ಭಾರ ಎತ್ತುವುದೋ, ನಿಮಗೆ ಬೇಸರ ಬರದೇ ನಾಳೆಯೂ ಮಾಡುವಂಥದ್ದು ಆರಿಸಿಕೊಳ್ಳಿ. ಇದು ಬೆನ್ನಿಗೆ ಬಹಳ ಒಳ್ಳೆಯದು, ಅದು ಕೆಟ್ಟದ್ದು ಅನ್ನುವಷ್ಟು ವ್ಯತ್ಯಾಸ ಇಲ್ಲ. ಸ್ವಲ್ಪ ನೋವಾದರೆ ಹೆದರಬೇಡಿ, ನೋವಾಯಿತು ಅಂದರೆ ಏನೋ ಮುರಿಯಿತು ಅಂತ ಅಲ್ಲ.

ಇಷ್ಟೆಲ್ಲ ಧೈರ್ಯ ಹೇಳಿದ ಮೇಲೆ ಇದನ್ನು ಬರೆಯದಿದ್ದರೆ ದೊಡ್ಡ ತಪ್ಪಾಗುತ್ತದೆ. ಕೆಲವು ಬೆನ್ನು ನೋವು ಕಾಯುವಂಥದ್ದಲ್ಲ. ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋಗುತ್ತಿದ್ದರೆ, ಮಲ ಹಿಡಿತಕ್ಕೆ ಸಿಗದಿದ್ದರೆ, ತೊಡೆ ಸಂದಿ, ಕೂರುವ ಜಾಗ ಜೋಮು ಹಿಡಿದು ಮುಟ್ಟಿದ್ದು ಗೊತ್ತಾಗದಿದ್ದರೆ, ಎರಡೂ ಕಾಲು ಸೋಲುತ್ತಿದ್ದರೆ, ಅವತ್ತೇ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನಿನ ಕೆಳಗಿನ ನರಗಳ ಗೊಂಚಲೇ ಒತ್ತಿಕೊಂಡಿರುತ್ತದೆ, ತಡ ಆದಷ್ಟೂ ಮೂತ್ರದ ಹಿಡಿತ ವಾಪಸ್ ಬರುವುದು ಕಷ್ಟ. ಇದನ್ನು ಹೆಂಗಸರು ನಾಚಿಕೆಯಿಂದ ಹೇಳುವುದಿಲ್ಲ, ಹಾಗಾಗಿ ನಾನೇ ಕೇಳುತ್ತೇನೆ. ಪಾದ ಎತ್ತಲಾಗದೆ ಚಪ್ಪಲಿ ಎಳೆಯುತ್ತಿದ್ದರೂ ತಡ ಮಾಡಬೇಡಿ. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಪ್ರಪಂಚದ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ, ಕ್ಷಯ ಅಂದರೆ ಬರೀ ಕೆಮ್ಮಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಬೇಗ ಹಿಡಿದರೆ ಹೆಚ್ಚಿನವರಿಗೆ ಮಾತ್ರೆಯಲ್ಲೇ ಗುಣವಾಗುತ್ತದೆ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಬಚ್ಚಲಲ್ಲಿ ಜಾರಿ ಬಿದ್ದ ವಯಸ್ಸಾದವರು, ಮರದಿಂದ ಬಿದ್ದವರು ಮೊದಲು ಡಾಕ್ಟರ ಹತ್ತಿರ ಹೋಗಬೇಕು, ನನ್ನ ಹತ್ತಿರ ಅಲ್ಲ. ಇಂಥವರಿಗೇ ಸ್ಕ್ಯಾನ್ ಬೇಕಾದದ್ದು. ಇನ್ನೊಂದು, 20-30 ವಯಸ್ಸಿನ ಹುಡುಗರು ಬೆಳಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಮರಗಟ್ಟಿದ ಬೆನ್ನಿನಲ್ಲಿ ಏಳುತ್ತಾರೆ, ಕೆಲಸ ಶುರುವಾದ ಮೇಲೆ ಸಡಿಲವಾಗುತ್ತದೆ, ರಜೆ ದಿನ ಮಲಗಿದರೆ ಇನ್ನೂ ಜೋರು. ಇದು ತಿಂಗಳುಗಟ್ಟಲೆ ಇದ್ದರೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳಿಗೆ ಉರಿಯೂತ ಬರುವ ವಾತರೋಗ ಇರಬಹುದು, ವಾತರೋಗ ತಜ್ಞರು ನೋಡಬೇಕು. ಇಂಥ ಹುಡುಗರು ಎಷ್ಟೋ ಸಲ 'ಬೈಕ್ ಜಾಸ್ತಿ ಓಡಿಸ್ತಾನೆ' ಅನ್ನಿಸಿಕೊಂಡೇ ವರ್ಷಗಳನ್ನು ಕಳೆದುಬಿಟ್ಟಿರುತ್ತಾರೆ.

ನಿಮ್ಮ ಲೇಖನಗಳಿಗೆ ಅಷ್ಟು ಬಲ ಇದೆಯಾ ಅಂತ ನಿಮಗೇ ಅನುಮಾನ ಇರಬಹುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಿಂದ ಟಿವಿಯಲ್ಲಿ ಒಂದು ಪ್ರಚಾರ ನಡೆಯಿತು. ಬೆನ್ನು ನೋವಿಗೆ ಮಲಗಬೇಡಿ, ಕೆಲಸ ಮಾಡಿಕೊಂಡಿರಿ, ಹೆದರಬೇಡಿ, ಇಷ್ಟೇ ಅದರ ಮಾತು. ಜನರ ನಂಬಿಕೆ ಬದಲಾಯಿತು, ಡಾಕ್ಟರುಗಳದ್ದೂ ಬದಲಾಯಿತು, ಬೆನ್ನು ನೋವಿಗೆ ಪರಿಹಾರದ ಹಣ ಕೇಳಿ ಬರುವ ಅರ್ಜಿಗಳೂ ಇಳಿದವು. ಪ್ರಚಾರ ಇಲ್ಲದ ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ ಜನರ ನಂಬಿಕೆ ಇದ್ದ ಹಾಗೇ ಇತ್ತು. ಹೆದರಿಸಲು ಎಷ್ಟು ಜಾಗ ಬೇಕೋ ಧೈರ್ಯ ಹೇಳಲೂ ಅಷ್ಟೇ ಜಾಗ ಸಾಕು, ಅಲ್ವಾ?

ಆದರೆ ಬರೀ ಧೈರ್ಯ ಹೇಳಿ ಹಮಾಲರ ಬೆನ್ನು ಉಳಿಸಲು ಆಗುವುದಿಲ್ಲ ಅನ್ನುವುದೂ ನನಗೆ ಗೊತ್ತು. ಅವರಿಗೆ 'ಮೊಣಕಾಲು ಮಡಿಸಿ ಎತ್ತಿ' ಅಂತ ಪಾಠ ಮಾಡುವುದು ಸುಲಭ, ಚೀಲದ ತೂಕ ಇಳಿಸುವುದು ಕಷ್ಟ. ಸಿಮೆಂಟ್ ಚೀಲ 50 ಕೆಜಿ. ಅಕ್ಕಿ ಮೂಟೆ 50 ಕೆಜಿ, ಹಿಂದೆ 100 ಇತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಗಂಡಸಿಗೆ 55 ಕೆಜಿಗಿಂತ ಜಾಸ್ತಿ ಹೊರಿಸಬೇಡಿ ಅಂತ ಶಿಫಾರಸು ಮಾಡಿತ್ತು. ಹಾಗಾಗಿ 50 ಅಂದರೆ ಮಿತಿಯ ಅಂಚಿನಲ್ಲೇ ಕೆಲಸ, ಅದೂ ದಿನಕ್ಕೆ ನೂರಾರು ಸಲ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್‌ನಲ್ಲೂ, ಗಾಯವಾಗುವಷ್ಟು ಭಾರ ಯಾರಿಂದಲೂ ಎತ್ತಿಸಬಾರದು ಅಂತ ಬರೆದಿದ್ದರು. ಮಂಡಿಯ ಹಮಾಲ ಕಾರ್ಖಾನೆಯವನಲ್ಲವಲ್ಲ. ಬ್ರಿಟನ್ನಿನಲ್ಲಿ ಸಿಮೆಂಟ್ 25 ಕೆಜಿ ಚೀಲದಲ್ಲಿ ಬರುತ್ತದೆ. ನಮ್ಮಲ್ಲೂ ಚೀಲದ ತೂಕ ಬದಲಾಗುವುದೇ ಇಲ್ಲ ಅಂತೇನಿಲ್ಲ. 2018ರಲ್ಲಿ ಯೂರಿಯಾ ಚೀಲ 50ರಿಂದ 45 ಕೆಜಿಗೆ ಇಳಿಯಿತು, ರೈತರು ಯೂರಿಯಾ ಕಡಿಮೆ ಹಾಕಲಿ ಅಂತ. 2022ರಲ್ಲಿ 25 ಕೆಜಿವರೆಗಿನ ಪ್ಯಾಕೆಟ್ ಅಕ್ಕಿಗೆ ಜಿಎಸ್‌ಟಿ ಬಂದ ಕೂಡಲೇ ಅಂಗಡಿಗಳಲ್ಲಿ 26 ಕೆಜಿ ಚೀಲ ಕಾಣಿಸಿಕೊಂಡಿತು. ಗೊಬ್ಬರಕ್ಕಾಗಿ, ತೆರಿಗೆಗಾಗಿ ಚೀಲ ಬದಲಾಗುತ್ತದೆ, ಹೊರುವವರಿಗಾಗಿ ಇನ್ನೂ ಬದಲಾಗಿಲ್ಲ.

ದಿನವಿಡೀ ನಿಂತೇ ಇರುವ ಬಟ್ಟೆ ಅಂಗಡಿಯ ಹುಡುಗಿಯರಿಗೆ ಕೂರುವ ಹಕ್ಕು ಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದವು. ನಮ್ಮ ಪೇಟೆಗಳಲ್ಲಿ ಸಂಜೆ ಆರಕ್ಕೆ ಅಂಗಡಿಗೆ ಹೋಗಿ, ಕೌಂಟರ್ ಹಿಂದೆ ಒಂದು ಸ್ಟೂಲ್ ಇದೆಯಾ ನೋಡಿ. ಮಕ್ಕಳ ಬ್ಯಾಗಿನ ತೂಕ ದೇಹದ ತೂಕದ ಶೇ 10 ಮೀರಬಾರದು ಅಂತ ನಮ್ಮ ಸರ್ಕಾರವೇ 2019ರಲ್ಲಿ ಆದೇಶ ಮಾಡಿದೆ, ಒಂದು ಎರಡನೇ ಕ್ಲಾಸಿಗೆ 2 ಕೆಜಿ, ಹತ್ತನೇ ಕ್ಲಾಸಿಗೆ 5 ಕೆಜಿ ಅಂತ ಲೆಕ್ಕ ಕೊಟ್ಟು. ಮಕ್ಕಳ ಬ್ಯಾಗಿಗೆ ಲೆಕ್ಕ ಹಾಕಿದ ಸರ್ಕಾರ ಅವರ ಅಪ್ಪನ ಮೂಟೆಗೂ ಹಾಕಬಹುದು.

ಮುಂದಿನ ಸಲ ಬೆನ್ನು ನೋವಿನ ಪುಟ ಮಾಡುವಾಗ ನಿಮ್ಮ ವರದಿಗಾರರನ್ನು ಬೆಳಗ್ಗೆ ಎಪಿಎಂಸಿ ಯಾರ್ಡಿಗೆ ಕಳಿಸಿ, ಚೀಲಗಳ ಮೇಲೆ ಅಚ್ಚಾಗಿರುವ ತೂಕ ಬರೆದುಕೊಂಡು ಬರಲಿ, ಒಬ್ಬೊಬ್ಬರು ದಿನಕ್ಕೆ ಎಷ್ಟು ಇಳಿಸುತ್ತಾರೆ ಅಂತ ಕೇಳಲಿ. ಆ ಲೆಕ್ಕದ ಪಕ್ಕದಲ್ಲೇ, ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳನ್ನು ಬಾಕ್ಸ್ ಕಟ್ಟಿ ದಪ್ಪ ಅಕ್ಷರದಲ್ಲಿ ಹಾಕಿ. ಜನ ಕತ್ತರಿಸಿ ಇಟ್ಟುಕೊಳ್ಳುವುದಾದರೆ ಅದನ್ನು ಇಟ್ಟುಕೊಳ್ಳಲಿ. ಬಾಕ್ಸಿನ ಬರಹ ನಾನೇ ಕಳಿಸುತ್ತೇನೆ, ಸಂಭಾವನೆ ಬೇಡ.

ಇತಿ,
ನಿಮ್ಮ ಓದುಗರಲ್ಲೊಬ್ಬಳು, ಒಬ್ಬ ಫಿಸಿಯೋಥೆರಪಿಸ್ಟ್
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ